ಬಾಡಿಗೆ ಏರಿಸಿದರೆ ಊರನ್ನೇ ಬಿಟ್ಟವರು

ಮೇ, ಜೂನ್ ಬಂತೆಂದರೆ ಬೆಂಗಳೂರಿನಲ್ಲಿ ಓದುವ ಹುಡುಗ ಹುಡುಗಿಯರ ಫೋನಿಗೆ ಒಂದು ಮೆಸೇಜ್ ಬರುತ್ತೆ. "ಮುಂದಿನ ತಿಂಗಳಿಂದ ಬಾಡಿಗೆ ಎರಡು ಸಾವಿರ ಜಾಸ್ತಿ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಬೇರೆಯವರು ಕೇಳ್ತಾ ಇದ್ದಾರೆ." ಓದಿದ ತಕ್ಷಣ ಕಣ್ಣು ಎರಡು ಸಾವಿರದ ಮೇಲೆ ನಿಲ್ಲುತ್ತೆ. ಆದರೆ ನಿಜವಾಗಿ ಕೆಲಸ ಮಾಡೋದು ಕೊನೆಯ ಮೂರು ಪದ: ಬೇರೆಯವರು ಕೇಳ್ತಾ ಇದ್ದಾರೆ. ಆ ಬೇರೆಯವರು ಯಾರು? ಬಹುಪಾಲು ನಿಮ್ಮ ಹಾಗೆಯೇ ಬ್ಯಾಗ್ ಹೊತ್ತು ಊರಿಂದ ಬಂದ ಇನ್ನೊಬ್ಬ ವಿದ್ಯಾರ್ಥಿ.

ನಾನು ಓದುವಾಗಲೂ ಇಂಥ ಮಾತು ಕೇಳಿದ್ದೇನೆ. ಆಗ ವಾಟ್ಸಾಪ್ ಇರಲಿಲ್ಲ, ಓನರ್ ಮೆಟ್ಟಿಲ ಹತ್ತಿರ ನಿಲ್ಲಿಸಿ ಹೇಳಿದ್ದರು. ಪರೀಕ್ಷೆ ಹತ್ತಿರವಿತ್ತು, ಮನೆಯಲ್ಲಿದ್ದ ಮೂವರೂ ಸೇರಿ ಕೊಟ್ಟೆವು. ಎಷ್ಟೋ ವರ್ಷದ ಮೇಲೆ ಯುರೋಪಿನ ಹಳೆಯ ವಿಶ್ವವಿದ್ಯಾಲಯಗಳ ಚರಿತ್ರೆ ಓದುತ್ತಿದ್ದಾಗ ಇದೇ ಸಂಗತಿ 800 ವರ್ಷ ಹಿಂದಿನ ಕಾಗದಗಳಲ್ಲಿ ಸಿಕ್ಕಿತು. ಬೊಲೋನ್ಯಾ, ಪ್ಯಾರಿಸ್, ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಅಂದರೆ ನಮಗೆ ಕಲ್ಲಿನ ಕಟ್ಟಡ, ಹಸಿರು ಹುಲ್ಲು, ಕಪ್ಪು ಗೌನು ನೆನಪಾಗುತ್ತೆ. ಅವುಗಳ ಆರಂಭದ ದಾಖಲೆ ತೆಗೆದು ನೋಡಿದರೆ ಮತ್ತೆ ಮತ್ತೆ ಎದುರಾಗೋದು ಮನೆ ಬಾಡಿಗೆ. ಬಾಡಿಗೆ ಏರಿದಾಗ ವಿದ್ಯಾರ್ಥಿಗಳು ಏನು ಮಾಡಿದರು ಅನ್ನೋದು ಆ ವಿಶ್ವವಿದ್ಯಾಲಯಗಳು ಹುಟ್ಟಿದ ಕಥೆಯದೇ ಒಂದು ಭಾಗ.

ಬೊಲೋನ್ಯಾದಿಂದ ಶುರು ಮಾಡೋಣ. 12ನೇ ಶತಮಾನದಲ್ಲಿ ಇಟಲಿಯ ಈ ಊರಿಗೆ ಯುರೋಪಿನ ಮೂಲೆಮೂಲೆಯಿಂದ ಜನ ಕಾನೂನು ಓದೋಕೆ ಬರುತ್ತಿದ್ದರು. ಕ್ಯಾಂಪಸ್ ಇರಲಿಲ್ಲ, ಹಾಸ್ಟೆಲ್ ಇರಲಿಲ್ಲ. ಮೇಷ್ಟ್ರು ತಮ್ಮ ಮನೆಯಲ್ಲೋ, ಬಾಡಿಗೆಗೆ ಹಿಡಿದ ಹಾಲ್‌ನಲ್ಲೋ ಪಾಠ ಹೇಳುತ್ತಿದ್ದರು. ವಿದ್ಯಾರ್ಥಿಗಳು ನಾಲ್ಕಾರು ಜನ ಸೇರಿ ಊರಿನವರ ಮನೆಯನ್ನು ಬಾಡಿಗೆಗೆ ಹಿಡಿಯುತ್ತಿದ್ದರು. ನಮ್ಮ ಕಡೆ ಬ್ಯಾಚುಲರ್ಸ್ ಮನೆ ಮಾಡ್ತಾರಲ್ಲ, ಹೆಚ್ಚುಕಡಿಮೆ ಹಾಗೇ.

ಒಂದು ದೊಡ್ಡ ವ್ಯತ್ಯಾಸ ಇತ್ತು. ಅವರು ಅಲ್ಲಿ ಪರದೇಶಿಗಳು, ಆ ಪದದ ಎರಡೂ ಅರ್ಥದಲ್ಲಿ. ಊರಿನ ಪೌರರಿಗೆ ಇದ್ದ ಯಾವ ರಕ್ಷಣೆಯೂ ಅವರಿಗಿರಲಿಲ್ಲ. ಜರ್ಮನಿಯವನೊಬ್ಬ ಸಾಲ ಮಾಡಿ ಓಡಿಹೋದರೆ, ಸಾಲ ಕೊಟ್ಟವನು ಊರಲ್ಲಿದ್ದ ಇನ್ನೊಬ್ಬ ಜರ್ಮನ್ ಹುಡುಗನನ್ನು ಹಿಡಿದು ವಸೂಲಿ ಮಾಡುವ ಪದ್ಧತಿ ಇತ್ತು. 1158ರ ಸುಮಾರಿಗೆ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಓದಲು ಊರು ಬಿಟ್ಟು ಬಂದವರಿಗಾಗಿ ಹೊರಡಿಸಿದ ಶಾಸನ ಇದನ್ನು ನಿಷೇಧಿಸಿತು. ನಿಷೇಧಿಸಬೇಕಾಯಿತು ಅಂದರೆ ಅದು ನಡೆಯುತ್ತಿತ್ತು ಅಂತಲೇ ಅಲ್ವಾ?

ಇಂಥ ಊರಲ್ಲಿ ವಿದ್ಯಾರ್ಥಿಗಳು ಹೆಚ್ಚಾದ ಹಾಗೆ ಬಾಡಿಗೆ ಏರಿತು. ಏರಿಸಿದ್ದು ಮನೆ ಮಾಲೀಕರ ಆಸೆ ಮಾತ್ರ ಅಂದುಕೊಳ್ಳಬೇಡಿ. ಒಬ್ಬ ವಿದ್ಯಾರ್ಥಿ ಇರುವ ಮನೆಗೆ ಇನ್ನೊಬ್ಬ ಹೋಗಿ "ಅವನು ಕೊಡೋದಕ್ಕಿಂತ ನಾನು ಜಾಸ್ತಿ ಕೊಡ್ತೀನಿ" ಅನ್ನುತ್ತಿದ್ದ. ಮೇಷ್ಟ್ರುಗಳೂ ಪಾಠದ ಹಾಲ್‌ಗಾಗಿ ಹೀಗೇ ಪೈಪೋಟಿಗೆ ಇಳಿಯುತ್ತಿದ್ದರು. ಇಬ್ಬರ ಜಗಳ ಮೂರನೆಯವನಿಗೆ ಲಾಭ. ಈ ದೂರು ಎಲ್ಲಿಯವರೆಗೆ ಹೋಯಿತು ಗೊತ್ತಾ? ಪೋಪ್‌ವರೆಗೆ. 1189ರಲ್ಲಿ ಪೋಪ್ ಮೂರನೇ ಕ್ಲೆಮೆಂಟ್ ಒಂದು ಆಜ್ಞೆಯನ್ನು ಖಾಯಂ ಮಾಡಿದ. ಒಂದು ಮನೆಯಲ್ಲಿ ವಿದ್ಯಾರ್ಥಿಗಳು ಇರುವಾಗ, ಅವರ ಅವಧಿ ಮುಗಿಯುವ ಮೊದಲು, ಅವರ ಒಪ್ಪಿಗೆ ಇಲ್ಲದೆ, ಬೇರೆ ಯಾವ ಮೇಷ್ಟ್ರೂ ವಿದ್ಯಾರ್ಥಿಯೂ ಆ ಮನೆಗೆ ಹೆಚ್ಚು ಬಾಡಿಗೆಯ ಆಸೆ ತೋರಿಸಬಾರದು. ಮುಂದೆ 1234ರಲ್ಲಿ ಪೋಪ್ ಒಂಬತ್ತನೇ ಗ್ರೆಗರಿ ಚರ್ಚಿನ ಕಾನೂನುಗಳನ್ನು ಒಟ್ಟುಮಾಡಿಸಿದಾಗ ಇದೂ ಆ ಸಂಗ್ರಹ ಸೇರಿತು.

ನನಗೆ ಬಹಳ ಹಿಡಿಸಿದ್ದು ಇದೇ. ಬಾಡಿಗೆ ಬಗ್ಗೆ ವಿದ್ಯಾರ್ಥಿಗಳಿಗೆ ಸಿಕ್ಕ ಈ ಹಳೆಯ ನಿಯಮ ಕಟ್ಟಿಹಾಕಿದ್ದು ಓನರನ್ನಲ್ಲ, ವಿದ್ಯಾರ್ಥಿಗಳನ್ನೇ. "ಬೇರೆಯವರು ಕೇಳ್ತಾ ಇದ್ದಾರೆ" ಅನ್ನುವ ಮಾತಿನ ಹಲ್ಲು ಕಿತ್ತರೆ ಉಳಿದದ್ದನ್ನು ಕೂತು ಮಾತಾಡಬಹುದು ಅಂತ ಅವರಿಗೆ ಅರ್ಥವಾಗಿತ್ತು.

ಆಮೇಲೆ ಮಾತಾಡೋಕೆ ಕೂತರು. ಬೊಲೋನ್ಯಾದ ವಿದ್ಯಾರ್ಥಿಗಳು ಊರೂರಿನವರು ಸೇರಿ ಸಂಘ ಕಟ್ಟಿಕೊಂಡರು. ಲ್ಯಾಟಿನ್‌ನಲ್ಲಿ ಅಂಥ ಸಂಘಕ್ಕೆ "ಯೂನಿವರ್ಸಿತಾಸ್" ಅಂತ ಹೆಸರು. ಬಡಗಿಗಳ ಸಂಘ, ವ್ಯಾಪಾರಿಗಳ ಸಂಘ ಯಾವುದಕ್ಕಾದರೂ ಆ ಪದ ಸಲ್ಲುತ್ತಿತ್ತು. ನಾವು ಇವತ್ತು ಯೂನಿವರ್ಸಿಟಿ ಅಂದಾಗ ಕಣ್ಮುಂದೆ ಬರುವ ಕಟ್ಟಡಕ್ಕೂ ಆ ಪದಕ್ಕೂ ಮೊದಲಿಗೆ ಸಂಬಂಧವೇ ಇರಲಿಲ್ಲ. ಬೊಲೋನ್ಯಾದಲ್ಲಿ ಆ ಸಂಘ ವಿದ್ಯಾರ್ಥಿಗಳದ್ದು, ಅದರ ರೆಕ್ಟರನ್ನು ಆರಿಸುತ್ತಿದ್ದವರೂ ಅವರೇ. ಊರಿನ ಹುಡುಗರು ಅದರ ಸದಸ್ಯರಲ್ಲ, ಯಾಕೆಂದರೆ ಅವರಿಗೆ ಪೌರತ್ವದ ರಕ್ಷಣೆ ಮೊದಲೇ ಇತ್ತು. ಪರಊರಿನಲ್ಲಿ ಬಾಡಿಗೆಗೆ ಇರುವವರ ಸಂಘ ಅಂದರೂ ತಪ್ಪಾಗಲಾರದು.

ಈ ಸಂಘ ಮತ್ತು ಊರು ಸೇರಿ ಒಂದು ಪದ್ಧತಿ ಮಾಡಿಕೊಂಡವು. ವಿದ್ಯಾರ್ಥಿಗಳ ಕಡೆಯಿಂದ ಇಬ್ಬರು, ಊರಿನವರ ಕಡೆಯಿಂದ ಇಬ್ಬರು. ನಾಲ್ಕು ಜನ ಮನೆ ನೋಡಿ ಇಷ್ಟು ಬಾಡಿಗೆ ಅಂತ ತೀರ್ಮಾನ ಮಾಡಬೇಕು. ನಮ್ಮ ಹಳ್ಳಿಗಳ ಪಂಚಾಯ್ತಿ ಕಟ್ಟೆಯ ಥರವೇ, ಆದರೆ ಎರಡೂ ಕಡೆಗೆ ಸಮ ಸಂಖ್ಯೆ. ಅದಕ್ಕೆ ಒಪ್ಪದ ಓನರ್‌ನ ಮನೆಗೆ ಬಹಿಷ್ಕಾರ: ಸಂಘ ಹೇಳುವವರೆಗೆ ಯಾವ ವಿದ್ಯಾರ್ಥಿಯೂ ಆ ಮನೆಗೆ ಕಾಲಿಡಬಾರದು. ಖಾಲಿ ಮನೆಯ ಬಿಸಿ ಯಾವ ಓನರ್‌ಗೆ ತಟ್ಟಲ್ಲ ಹೇಳಿ?

ಇಷ್ಟಕ್ಕೆ ಊರಿನವರು ಯಾಕೆ ಒಪ್ಪಿದರು ಅನ್ನೋದು ಸಹಜವಾದ ಪ್ರಶ್ನೆ. ಉತ್ತರ ಸರಳ. ಒಪ್ಪದಿದ್ದರೆ ಇವರು ಗಂಟುಮೂಟೆ ಕಟ್ಟುತ್ತಿದ್ದರು. ಕಟ್ಟಡ ಇಲ್ಲ, ಲ್ಯಾಬ್ ಇಲ್ಲ; ಸಂಘ ಅಂದರೆ ಒಂದಷ್ಟು ಜನ, ಒಂದಷ್ಟು ಪುಸ್ತಕ. ಅದನ್ನು ಇನ್ನೊಂದು ಊರಿಗೆ ಸಾಗಿಸೋಕೆ ಕೆಲವು ಕತ್ತೆ, ಕೆಲವು ಗಾಡಿ ಸಾಕು. 1222ರಲ್ಲಿ ಬೊಲೋನ್ಯಾ ಬಿಟ್ಟು ಹೋದವರಿಂದ ಪಾದುವಾ ವಿಶ್ವವಿದ್ಯಾಲಯ ಶುರುವಾಯಿತು. ಆರೇ ವರ್ಷದಲ್ಲಿ, 1228ರಲ್ಲಿ, ಪಾದುವಾದಿಂದಲೂ ಒಂದು ಗುಂಪು ಹೊರಡಲು ನಿಂತಿತು. ಆಗ ವೆರ್ಚೆಲ್ಲಿ ಎಂಬ ಊರು ಅವರ ಜೊತೆ ಮಾಡಿಕೊಂಡ ಕರಾರು ಇವತ್ತಿಗೂ ಉಳಿದಿದೆ. ಊರಿನ ಒಳ್ಳೆಯ ಮನೆಗಳಲ್ಲಿ 500 ಮನೆ ವಿದ್ಯಾರ್ಥಿಗಳಿಗೆ; ಬಾಡಿಗೆಗೆ ಒಂದು ಮೇಲ್ಮಿತಿ, ಅದಕ್ಕಿಂತ ಒಂದು ಕಾಸೂ ಜಾಸ್ತಿ ಇಲ್ಲ; ವಿದ್ಯಾರ್ಥಿಗಳಿಗೆ ಸಾಲದ ವ್ಯವಸ್ಥೆ; ಮೇಷ್ಟ್ರಿಗೆ ಸಂಬಳ. ಐಟಿ ಕಂಪನಿಗಳನ್ನು ಕರೆಯೋಕೆ ಇವತ್ತು ರಾಜ್ಯಗಳು ನಾ ಮುಂದು ತಾ ಮುಂದು ಅಂತ ಭೂಮಿ, ನೀರು, ತೆರಿಗೆ ವಿನಾಯಿತಿ ಕೊಡ್ತವಲ್ಲ, ಆಗ ಊರುಗಳು ಬಾಡಿಗೆದಾರರನ್ನು ಹಾಗೆ ಕರೆಯುತ್ತಿದ್ದವು.

ಇನ್ನು ಇಂಗ್ಲೆಂಡ್‌ಗೆ ಬನ್ನಿ. ಅಲ್ಲಿನ ಕಥೆ ಕರಾರಿನಿಂದಲ್ಲ, ಒಂದು ಕೊಲೆಯಿಂದ ಶುರುವಾಗುತ್ತೆ. 1209ರಲ್ಲಿ ಆಕ್ಸ್‌ಫರ್ಡ್‌ನ ಒಬ್ಬ ವಿದ್ಯಾರ್ಥಿಯ ಕೈಯಲ್ಲಿ ಒಬ್ಬ ಹೆಂಗಸು ಸತ್ತಳು. ಅವನು ಪರಾರಿಯಾದ. ಊರಿನವರು ಅವನ ಮನೆಗೆ ನುಗ್ಗಿ, ಅವನ ಜೊತೆ ಆ ಮನೆಯನ್ನು ಬಾಡಿಗೆಗೆ ಹಿಡಿದಿದ್ದ ರೂಮ್‌ಮೇಟ್‌ಗಳನ್ನು ಹಿಡಿದರು. ರಾಜ ಜಾನ್ ಒಪ್ಪಿಗೆ ಕೊಟ್ಟ. ಇಬ್ಬರು ಅಂತ ಕೆಲವು ಬರಹ, ಮೂವರು ಅಂತ ಕೆಲವು, ಅವರನ್ನು ಗಲ್ಲಿಗೇರಿಸಲಾಯಿತು. ಅವರು ಮಾಡಿದ್ದ ತಪ್ಪು ಅಂದರೆ ಕರಾರಿನಲ್ಲಿ ಜೊತೆಗಿದ್ದದ್ದು. ಮೇಷ್ಟ್ರು, ವಿದ್ಯಾರ್ಥಿಗಳು ಪಾಠ ನಿಲ್ಲಿಸಿ ಊರು ಬಿಟ್ಟರು. ಕೆಲವರು ರೆಡಿಂಗ್‌ಗೆ, ಕೆಲವರು ಪ್ಯಾರಿಸ್‌ಗೆ, ಇನ್ನು ಕೆಲವರು ಕೇಂಬ್ರಿಡ್ಜ್ ಎಂಬ ಚಿಕ್ಕ ಊರಿಗೆ ಹೋದರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ತನ್ನ ಹುಟ್ಟಿದ ವರ್ಷ ಅಂತ ಲೆಕ್ಕ ಹಾಕೋದು ಆ 1209ನ್ನೇ.

ಐದು ವರ್ಷ ಆಕ್ಸ್‌ಫರ್ಡ್ ಒಣಗಿತು. 1214ರಲ್ಲಿ ಪೋಪ್‌ನ ಪ್ರತಿನಿಧಿ ರಾಜಿ ಮಾಡಿಸಿದಾಗ ಊರು ಒಪ್ಪಬೇಕಾದ ಷರತ್ತುಗಳಲ್ಲಿ ಪ್ರಾಯಶ್ಚಿತ್ತವೂ ಇತ್ತು, ಬಾಡಿಗೆಯೂ ಇತ್ತು. ವಿದ್ಯಾರ್ಥಿಗಳ ಮನೆಗಳಿಗೆ ಮೊದಲು ಎರಡೂ ಕಡೆಯವರು ಸೇರಿ ನಿಗದಿ ಮಾಡಿದ್ದ ಬಾಡಿಗೆಯಲ್ಲಿ ಹತ್ತು ವರ್ಷ ಅರ್ಧ ಮನ್ನಾ. ಹತ್ತು ವರ್ಷ ಕಳೆದ ಮೇಲೂ ಹಳೆಯ ದರವೇ, ಅದಕ್ಕಿಂತ ಮೇಲೆ ಹೋಗುವಂತಿಲ್ಲ. ಹೊಸದಾಗಿ ಕಟ್ಟಿದ ಮನೆಗಳಿಗೆ ನಾಲ್ಕು ಮೇಷ್ಟ್ರು, ನಾಲ್ಕು ಊರಿನವರು ಕೂತು ದರ ಕಟ್ಟಬೇಕು. ಜೊತೆಗೆ ಬಡ ವಿದ್ಯಾರ್ಥಿಗಳಿಗಾಗಿ ವರ್ಷಕ್ಕೆ 52 ಶಿಲ್ಲಿಂಗ್, ಮತ್ತು ಸಂತ ನಿಕೊಲಾಸನ ಹಬ್ಬದ ದಿನ ನೂರು ಬಡ ವಿದ್ಯಾರ್ಥಿಗಳಿಗೆ ಊಟ. ಆಕ್ಸ್‌ಫರ್ಡ್‌ನ ಚಾನ್ಸೆಲರ್ ಎಂಬ ಹುದ್ದೆಯ ಮಾತು ಮೊದಲು ಕಾಣಿಸೋದು ಇದೇ ಕಾಗದದಲ್ಲಿ. ಜಗತ್ತಿನ ಅತಿ ಗಣ್ಯ ಹುದ್ದೆಗಳಲ್ಲಿ ಒಂದು, ಬಾಡಿಗೆ ಕಡಿತದ ಪತ್ರದಲ್ಲಿ ಇಣುಕಿದೆ ನೋಡಿ.

ಪ್ಯಾರಿಸ್‌ನಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಸತಿಯ ಬಾಡಿಗೆ ಕಟ್ಟುವ ವಿಷಯದಲ್ಲಿ ಮೇಷ್ಟ್ರು, ವಿದ್ಯಾರ್ಥಿಗಳು ತಮ್ಮೊಳಗೆ ಕಟ್ಟುಪಾಡು ಮಾಡಿಕೊಳ್ಳಬಹುದು ಅಂತ 1215ರ ನಿಯಮಗಳಲ್ಲೇ ಅನುಮತಿ ಸಿಕ್ಕಿತ್ತು. 1229ರ ಕಾರ್ನಿವಲ್ ಹಬ್ಬದಲ್ಲಿ ಹೆಂಡದಂಗಡಿಯೊಂದರ ಬಿಲ್ಲಿನ ಜಗಳ ಗಲಾಟೆಯಾಗಿ, ರಾಣಿ ಬ್ಲಾಂಶ್ ಆಜ್ಞೆಯ ಮೇಲೆ ಬಂದ ಕಾವಲುಗಾರರಿಂದ ವಿದ್ಯಾರ್ಥಿಗಳು ಸತ್ತರು. ವಿಶ್ವವಿದ್ಯಾಲಯ ಪಾಠ ನಿಲ್ಲಿಸಿ ಚದುರಿತು. ಎರಡು ವರ್ಷದ ಮೇಲೆ, 1231ರ ಏಪ್ರಿಲ್ 13ರಂದು, ಪೋಪ್ ಒಂಬತ್ತನೇ ಗ್ರೆಗರಿ ಕೊಟ್ಟ ಪತ್ರದಲ್ಲಿ ಪಾಠ ನಿಲ್ಲಿಸುವ ಹಕ್ಕನ್ನು ಮಾನ್ಯ ಮಾಡಿದ. ಯಾವ ಯಾವ ಕಾರಣಕ್ಕೆ ನಿಲ್ಲಿಸಬಹುದು? ಕೊಲೆ, ಅಂಗಛೇದ, ಅನ್ಯಾಯದ ಬಂಧನ ಇಂಥವುಗಳ ಸಾಲಿನಲ್ಲೇ ಇನ್ನೊಂದು ಇದೆ: ನಿಮ್ಮ ವಸತಿಗೆ ಬಾಡಿಗೆ ಕಟ್ಟಿಸಿಕೊಳ್ಳುವ ಹಕ್ಕನ್ನು ಯಾರಾದರೂ ಕಿತ್ತುಕೊಂಡರೆ. ಆ ಕಾಲದವರು ಬಾಡಿಗೆಯನ್ನು ಜೀವದ ಪ್ರಶ್ನೆಯ ಪಕ್ಕದಲ್ಲೇ ಇಟ್ಟಿದ್ದರು.

ಇದಾದ ಮೂರೇ ವಾರಕ್ಕೆ, 1231ರ ಮೇ 3ರಂದು, ಇಂಗ್ಲೆಂಡಿನ ರಾಜ ಮೂರನೇ ಹೆನ್ರಿ ಕೇಂಬ್ರಿಡ್ಜ್‌ನ ಮೇಯರ್ ಮತ್ತು ಅಧಿಕಾರಿಗಳಿಗೆ ಕಳಿಸಿದ ಆಜ್ಞೆಯ ಸಾರ ಇಷ್ಟು. ದೇಶ ವಿದೇಶಗಳಿಂದ ನಿಮ್ಮ ಊರಿಗೆ ಓದಲು ಜನ ಬರುತ್ತಿದ್ದಾರೆ, ಅದರಿಂದ ನಮಗೂ ನಿಮಗೂ ಗೌರವ, ಲಾಭ. ಆದರೆ ಮನೆ ಬಾಡಿಗೆಯಲ್ಲಿ ನೀವು ಅವರನ್ನು ಎಷ್ಟು ಹಿಂಡುತ್ತಿದ್ದೀರಿ ಅಂದರೆ ಹೀಗೇ ಆದರೆ ಅವರು ಊರು ಬಿಟ್ಟು ಹೋಗುತ್ತಾರೆ. ಹಾಗಾಗಿ ಇಬ್ಬರು ಮೇಷ್ಟ್ರು, ಊರಿನ ಇಬ್ಬರು ಪ್ರಾಮಾಣಿಕರು ಸೇರಿ ಬಾಡಿಗೆ ಕಟ್ಟಲಿ. ಆ ಊರಿಗೆ ವಿಶ್ವವಿದ್ಯಾಲಯ ಬಂದದ್ದೇ ಇನ್ನೊಂದು ಊರು ಬಿಟ್ಟು ಬಂದವರಿಂದ, ಇನ್ನೂ 22 ವರ್ಷ ಆಗಿತ್ತಷ್ಟೇ. ಬಂದವರು ಹೋಗಲೂಬಲ್ಲರು ಅಂತ ರಾಜನಿಗೆ ಗೊತ್ತಿತ್ತು.

ಇಲ್ಲಿಯವರೆಗೆ ಕೇಳಿದರೆ ವಿದ್ಯಾರ್ಥಿಗಳದ್ದೇ ಗೆಲುವು ಅನ್ನಿಸುತ್ತೆ. ಊರಿನವರ ಕಡೆಯಿಂದಲೂ ಒಮ್ಮೆ ನೋಡಬೇಕು. ಸಾಮಾನ್ಯ ನೇಕಾರ, ಹಮಾಲಿ, ಮನೆಗೆಲಸದವಳು ಇವರೂ ಬಾಡಿಗೆ ಮನೆಯಲ್ಲೇ ಇದ್ದವರು. ಅವರ ಬಾಡಿಗೆ ಕಟ್ಟೋಕೆ ನಾಲ್ಕು ಜನರ ಸಮಿತಿ ಕೂರಲಿಲ್ಲ, ಪೋಪ್ ಪತ್ರ ಬರೆಯಲಿಲ್ಲ. ಮನೆ ಬಿಟ್ಟು ಹೋಗ್ತೀವಿ ಅಂದರೆ ಹೋಗಿ ಅನ್ನುತ್ತಿದ್ದರು. ವಿದ್ಯಾರ್ಥಿಗಳಿಗೆ ಹೀಗೆ ಬೇರೆಯದೇ ನ್ಯಾಯ ಇದ್ದದ್ದು ಊರಿನ ಹೊಟ್ಟೆಯಲ್ಲಿ ಕುದಿಯುತ್ತಲೇ ಇತ್ತು. 1355ರ ಫೆಬ್ರವರಿ 10ರಂದು ಆಕ್ಸ್‌ಫರ್ಡ್‌ನ ಹೆಂಡದಂಗಡಿಯಲ್ಲಿ ದ್ರಾಕ್ಷಾರಸ ಚೆನ್ನಾಗಿಲ್ಲ ಅಂತ ಶುರುವಾದ ಜಗಳ ಮೂರು ದಿನದ ಹತ್ಯಾಕಾಂಡವಾಯಿತು. ಸತ್ತ ವಿದ್ಯಾರ್ಥಿಗಳ ಸಂಖ್ಯೆ 63 ಅಂತ ಪ್ರತೀತಿ. ಆಮೇಲೆ ರಾಜ ವಿಶ್ವವಿದ್ಯಾಲಯದ ಪಕ್ಷವನ್ನೇ ವಹಿಸಿದ. ಊರಿನ ಮೇಯರ್ ಪ್ರತಿ ವರ್ಷ ಚರ್ಚಿಗೆ ನಡೆದು ಹೋಗಿ 63 ಪೆನ್ನಿ ಒಪ್ಪಿಸುವ ಪದ್ಧತಿ 1825ರವರೆಗೂ ನಡೆಯಿತು. ಒಂದು ಗುಂಪಿಗೆ ಮಾತ್ರ ಸಿಕ್ಕ ರಕ್ಷಣೆ ಆ ಗುಂಪಿನ ಸುತ್ತ ಗೋಡೆಯನ್ನೂ ಕಟ್ಟುತ್ತೆ.

ಗೋಡೆ ನಿಜವಾಗಿಯೂ ಬಂತು. 1257ರಲ್ಲಿ ಪ್ಯಾರಿಸ್‌ನಲ್ಲಿ ಸೊರ್ಬೊನ್, 1264ರಲ್ಲಿ ಇಂಗ್ಲೆಂಡ್‌ನಲ್ಲಿ ಮರ್ಟನ್, ಹೀಗೆ ದಾನಿಗಳು ಕಟ್ಟಿಸಿದ ಕಾಲೇಜುಗಳು ಒಂದೊಂದಾಗಿ ಎದ್ದವು. ಕಾಲೇಜು ಅಂದರೆ ಮೊದಲಿಗೆ ವಾಸಕ್ಕೆ ಜಾಗ, ಊಟಕ್ಕೆ ವ್ಯವಸ್ಥೆ. ಪಾಠ ಆಮೇಲೆ ಬಂತು. ತಲೆಯ ಮೇಲೆ ಸ್ವಂತ ಸೂರು ಬಂದದ್ದು ಒಳ್ಳೆಯದೇ. ಆದರೆ ಕಲ್ಲಿನ ಕಟ್ಟಡ, ಜಮೀನು, ಗ್ರಂಥಾಲಯ ಎಲ್ಲ ಸೇರಿದ ಮೇಲೆ ಗಂಟುಮೂಟೆ ಕಟ್ಟೋದು ಯಾರಿಗೆ ಸಾಧ್ಯ? ವಿಶ್ವವಿದ್ಯಾಲಯ ತಾನೇ ಜಮೀನ್ದಾರನಾಯಿತು, ಊರು ಬಿಡುವ ಬೆದರಿಕೆ ಸವೆಯಿತು, ವಿದ್ಯಾರ್ಥಿ ಮತ್ತೆ ಒಬ್ಬಂಟಿ ಬಾಡಿಗೆದಾರನಾದ.

ಆ ಒಬ್ಬಂಟಿತನ ನಮ್ಮ ಬೆಂಗಳೂರಿನಲ್ಲಿ ಇವತ್ತು ಹೇಗಿದೆ? ಕರ್ನಾಟಕ ಬಾಡಿಗೆ ಅಧಿನಿಯಮ 1999 ಅಂತ ಒಂದು ಕಾನೂನು ಇದೆ, ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಆದರೆ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದ ಮನೆಗಳಿಗೆ ಅದು ಅನ್ವಯಿಸದ ಹಾಗೆ ಬರೆಯಲಾಗಿದೆ. 3,500ಕ್ಕೆ ಈಗ ಪಿಜಿಯಲ್ಲಿ ಒಂದು ಮಂಚ ಸಿಗೋದೂ ಕಷ್ಟ. ಉಳಿದಂತೆ ನಮ್ಮನ್ನು ಕಾಯೋದು, ಕಟ್ಟಿಹಾಕೋದು ಎರಡೂ ಅಗ್ರಿಮೆಂಟ್. ಅದು 11 ತಿಂಗಳಿಗೆ ಯಾಕೆ ಅಂದರೆ, 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕೂ ಮೀರಿದ ಗೇಣಿ ಪತ್ರವನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚು, ಓಡಾಟ ತಪ್ಪಿಸೋಕೆ ಒಂದು ತಿಂಗಳು ಕತ್ತರಿಸಿದರು. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ, ಬಾಡಿಗೆ ಏರಿಸಲು ಮೂರು ತಿಂಗಳ ನೋಟಿಸ್ ಬೇಕು ಅಂತೆಲ್ಲ ಇದೆ. ಅದು ಮಾದರಿ ಮಾತ್ರ, ಕಾನೂನು ಮಾಡಬೇಕಾದದ್ದು ರಾಜ್ಯಗಳು.

ಹಾಗಾದರೆ ಬೊಲೋನ್ಯಾದವರಿಂದ ನಾವು ಏನು ತರಬಹುದು? ಒಂದು, ಅವಧಿಯ ಲೆಕ್ಕ. ಅಗ್ರಿಮೆಂಟ್ ಇರುವ ಅವಧಿಯೊಳಗೆ, ಅದರಲ್ಲಿ ಬರೆಯದ ಏರಿಕೆಯನ್ನು ಓನರ್ ಒಬ್ಬರೇ ತೀರ್ಮಾನಿಸಿ ಹೇರುವಂತಿಲ್ಲ. ಮನೆ ಹಿಡಿಯುವಾಗಲೇ ಮುಂದಿನ ವರ್ಷದ ಏರಿಕೆ ಶೇಕಡಾ ಎಷ್ಟು ಅಂತ ಬರೆಸಿಕೊಳ್ಳಿ, ಅವಧಿ ಪರೀಕ್ಷೆಯ ಮಧ್ಯೆ ಮುಗಿಯದ ಹಾಗೆ ನೋಡಿಕೊಳ್ಳಿ. ಎರಡು, ಓನರ್‌ನ ಲೆಕ್ಕವನ್ನೂ ಹಾಕಿ. ಬಾಡಿಗೆ 24,000, ಏರಿಕೆ 2,000 ಅಂದುಕೊಳ್ಳಿ. 11 ತಿಂಗಳಿಗೆ ಅವರಿಗೆ ಸಿಗೋದು 22,000. ಮನೆ ಒಂದೇ ತಿಂಗಳು ಖಾಲಿ ಬಿದ್ದರೆ ಹೋಗೋದು 24,000. "ಸರ್, ಒಂದು ಸಾವಿರಕ್ಕೆ ಒಪ್ಪಿಕೊಳ್ಳಿ, ನಾವು ಇನ್ನೂ ಎರಡು ವರ್ಷ ಇರ್ತೀವಿ" ಅಂತ ಹೇಳೋಕೆ ಇಷ್ಟು ಲೆಕ್ಕ ಕೈಯಲ್ಲಿದ್ದರೆ ದನಿ ನಡುಗಲ್ಲ. ಒಬ್ಬೊಬ್ಬರೇ ಹೋಗಬೇಡಿ, ಮನೆಯಲ್ಲಿರುವ ಅಷ್ಟೂ ಜನ ಹೋಗಿ.

ಮೂರನೆಯದೇ ಕಷ್ಟದ್ದು. ಮೇಲಿನ ಲೆಕ್ಕ ನಿಲ್ಲೋದು ಮನೆ ಒಂದು ತಿಂಗಳು ಖಾಲಿ ಬಿದ್ದರೆ ಮಾತ್ರ. ನೀವು ಹೊರಟ ಮರುದಿನವೇ 26,000 ಕೊಟ್ಟು ಇನ್ನೊಬ್ಬ ಬಂದರೆ ಓನರ್‌ಗೆ ನಷ್ಟವೇ ಇಲ್ಲ. ಆ ಇನ್ನೊಬ್ಬ ನಾವೂ ಆಗಿರಬಹುದು. ಕೆಲಸ ಸಿಕ್ಕ ಹೊಸದರಲ್ಲಿ, ಆಫೀಸಿಗೆ ಹತ್ತಿರ ಅಂತ, ಓನರ್ ಕೇಳಿದ್ದಕ್ಕಿಂತ ಸಾವಿರ ಎರಡು ಸಾವಿರ ಮೇಲೆ ಹಾಕಿ ಮನೆ ಹಿಡಿಯುವವರು ನಮ್ಮಂಥ ಸಂಬಳದವರೇ. ಅಲ್ಲಿ ಯಾರಾದರೂ ಓದುವ ಮಕ್ಕಳು ಇದ್ದರಾ, ಅವರ ಅವಧಿ ಮುಗಿದಿತ್ತಾ ಅಂತ ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಮುಂದಿನ ಸಲ ಮನೆ ನೋಡಲು ಹೋದಾಗ ಬ್ರೋಕರ್‌ನನ್ನು ಒಂದು ಪ್ರಶ್ನೆ ಕೇಳಬಹುದು: "ಈಗಿರುವವರು ತಾವಾಗಿ ಬಿಡ್ತಿದ್ದಾರಾ, ಬಿಡಿಸ್ತಿದ್ದಾರಾ?" ಉತ್ತರ ಏನೇ ಬರಲಿ, ಕೇಳಿದ ಮೇಲೆ ಮೇಲಿನ ಎರಡು ಸಾವಿರ ಹಾಕೋಕೆ ಕೈ ಸ್ವಲ್ಪ ತಡೆಯುತ್ತೆ. 1189ರ ಆಜ್ಞೆ ಬಯಸಿದ್ದೂ ಅಷ್ಟನ್ನೇ.